ಒಂಬತ್ತನೇ ಸಲ ಕಳೆದ ಸರ

ನಾಗನಹಳ್ಳಿ ಮೈದಾನದಾಗ ನಸುಕಿನ ಐದಕ್ಕೂ
ನೆಲ ಬೆಚ್ಚಗಿರ್ತದ, ರಾತ್ರಿ ಪೂರ್ತಿ ಆರಿರೋದಿಲ್ಲ.
ಎಡ, ಬಲ, ಎಡ. ಬೂಟಿನ ಕೆಳಗ
ಕರಿಮಣ್ಣಿನ ಹೆಂಟಿ ಖಡಕ್ ರೊಟ್ಟಿಯಂಗ ಮುರೀತದ.
ಉಸ್ತಾದ್ ಮಶಾಕಸಾಬರ ದನಿ
ಯಾವತ್ತೋ ಒಡೆದದ್ದು; ಆ ಒಡಕಿನಾಗೇ
"ಥಮ್" ಅಂದ್ರ ನೂರಾ ಎಂಬತ್ತು ಹುಡುಗ್ಯಾರು
ಗೋಡಿಯಂಗ ನಿಲ್ತೀವಿ.

ನಾ ಜಗದೇವಿ, ಊರು ಕಾಳಗಿ.
ಇಲ್ಲಿ ಹೆಸರಿಲ್ಲ. ಎದಿ ಮ್ಯಾಲ ನೂರಾ ಹದಿನೇಳು.

ಮಧ್ಯಾಹ್ನ ಕಾನೂನು. ಫ್ಯಾನು ತಿರಗ್ತದ, ಗಾಳಿ ಬರಲ್ಲ.
ನೂರಾ ಐವತ್ನಾಲ್ಕು ಸತ್ತು ನೂರಾ ಎಪ್ಪತ್ಮೂರಾಗಿ ಹುಟ್ಯದ,
ಕಳವು ಮುನ್ನೂರಾ ಎಪ್ಪತ್ತೊಂಬತ್ತಿತ್ತು, ಈಗ ಮುನ್ನೂರಾ ಮೂರು.
ಸರ್ ಹಳೇ ನಂಬರ್ ಹೇಳಿ ನಾಲಿಗಿ ಕಚ್ಕೋತಾರ,
ನಾವು ವಹಿಯಾಗ ಹೊಡೆದು ಹಾಕಿ ಮತ್ತ ಬರೀತೀವಿ.
"ಕಳ್ಳನಿಗಿ ಯಾರು ಹೇಳ್ಯಾರ್ರಿ, ನಂಬರ್ ಬದಲಾದದ್ದು?" ಅಂತ
ಹಿಂದಿನ ಬೆಂಚಿನ ಮಹಾನಂದಾ ಕೇಳಿ
ಮೈದಾನ ನಾಕು ಸುತ್ತು ಓಡಿದಳು.

ಗ್ರಂಥಾಲಯದ ಬಾಜೂಕ ಒಂದು ಸುಳ್ಳು ಠಾಣೆ ಅದ.
ಮೇಜು ಖರೇ, ಲಾಕಪ್ಪಿನ ಸರಳು ಖರೇ,
ಗೋಡಿ ಗಡಿಯಾರ ಖರೇ, ಆದ್ರ ನಡೆಯಲ್ಲ.
ಪರೀಕ್ಷಾದಾಗ ಅಲ್ಲಿ ಕುಂತು ದೂರು ಬರಕೋಬೇಕು.
ಇಪ್ಪತ್ತು ಅಂಕ.
ದೂರು ಕೊಡಾಕ ಬರೋಳು ಸೋನಾಬಾಯಿ,
ಕ್ಯಾಂಟೀನಿನಾಗ ತಾಟು ತಿಕ್ಕಾಕಿ.
ಸೆರಗಿಗಿ ಕೈ ಒರೆಸ್ಕೋತ ಒಳಗ ಬರ್ತಾಳ,
ಕುರ್ಚಿ ತುದೀಗಿ ಕುಂದರ್ತಾಳ,
ಬಾ ಅಂದ ಕೂಡ್ಲೇ ಅಳು ಬರ್ತದ ಆಕಿಗಿ.

"ಸೂಪರ್ ಮಾರ್ಕೆಟ್ಟಿನಾಗ ಬಸ್ಸಿಗಿ ನಿಂತಿದ್ದೆರಿ.
ಏರೋ ಗದ್ದಲದಾಗ ಕೊರಳ ಸರ ಹೋಯ್ತು.
ಎರಡು ತೊಲಿ."

ನಾ ಬರದೆ. ವ್ಯಾಳ್ಯಾ, ಜಾಗ, ಸರದ ನಮೂನಿ,
ಗುಂಡು ಎಷ್ಟು, ಕೊಂಡಿ ಎಂಥಾದ್ದು.
ಆಕಿ ತಡವರಿಸಲಿಲ್ಲ. ಹದಿನಾರು ಗುಂಡು ಅಂದಳು,
ಬಲಗಡೀದು ಒಂದು ನೆಗ್ಗಿತ್ತು ಅಂದಳು.
ಓದಿ ಹೇಳಿದೆ. ಹೆಬ್ಬೆಟ್ಟು ಒತ್ತಿಸಿದೆ.
ಪುಸ್ತಕದಾಗ ಇಲ್ಲಿಗಿ ಮುಗೀತದ.
ನಾ ಯಾಕ ಕೇಳಿದೆನೋ, ಬಾಯಿ ತಪ್ಪಿ:
"ಮತ್ತೇನರ ಹೇಳೋದದ ಏನವ್ವಾ?"

"ಇದು ಒಂಬತ್ತನೇ ಬ್ಯಾಚು, ಮೇಡಮ್."
(ನನಗ ಯಾರೋ ಮೇಡಮ್ ಅಂದದ್ದು ಅದೇ ಮೊದಲು.)
"ಒಂಬತ್ತು ಸಲ ಸರ ಕಳಕೊಂಡೀನಿ.
ಒಂದಿನಾನೂ ಹಾಕ್ಕೊಂಡಿಲ್ಲ.
ಹೇಳಿ ಹೇಳಿ ಈಗ ರಾತ್ರಿ ಮಲಗುವಾಗ
ಕೊರಳು ತಡವಿ ನೋಡ್ಕೋತೀನಿ."

ಕಿಟಕಿಯಾಚೆ ಮಹಾನಂದಾ ನಕ್ಕಳು. ನಾನೂ ನಗಬೇಕಿತ್ತು.

"ಇದೂ ಬರ್ಕೋ. ಗುತ್ತೇದಾರ ಮೂರು ತಿಂಗಳಾತು
ಪಗಾರ ಕೊಟ್ಟಿಲ್ಲ. ಕೇಳಿದ್ರ ನಾಳಿ ಅಂತಾನ.
ಇದಕ್ಕ ಯಾವ ನಂಬರ್ ಬರ್ತದ?"

ಪೆನ್ನು ಕಾಗದದ ಮ್ಯಾಲೇ ನಿಂತು
ಶಾಯಿ ಚುಕ್ಕಿ ದೊಡ್ಡದಾಗ್ಲತ್ತಿತ್ತು.
ಸಂಜ್ಞೇಯ, ಅಸಂಜ್ಞೇಯ, ಉರು ಹೊಡೆದದ್ದೆಲ್ಲ
ಗಂಟಲಿನಾಗ ಸಾಲಾಗಿ ನಿಂತ್ವು,
ಒಂದೂ ಒಂದು ಹೆಜ್ಜಿ ಮುಂದ ಬರಲಿಲ್ಲ.
"ಟೈಮ್ ಆತು" ಅಂದ್ರು ಸರ್. "ಸಿಲೆಬಸ್ಸಿನಾಗಿಲ್ಲದ್ದು ಬ್ಯಾಡ."
ಸೋನಾಬಾಯಿ ಎದ್ದಳು. ಮುಂದಿನ ಹುಡುಗಿಗಿ
ಮತ್ತ ಮೊದಲಿಂದ ಅಳಬೇಕಿತ್ತು.

ಹದಿನೆಂಟು ಬಂತು ನನಗ. ಎರಡು ಯಾಕ ಹೋದ್ವೋ
ಹಾಳಿ ಮ್ಯಾಲ ಬರದಿಲ್ಲ.

ಸಂಜಿಗಿ ಲಾಠಿ ಎಣಿಸಿ ಇಡೋವಾಗ ಉಸ್ತಾದರು
ನನ್ನ ಕಡೆ ನೋಡದೇ ಅಂದ್ರು:
"ಲೇಬರ್ ಆಫೀಸಿಗಿ ಒಂದು ಅರ್ಜಿ ಬರಿ.
ಐತವಾರ ಬರಿ. ಡ್ರೆಸ್ ಮ್ಯಾಲ ಬರೀಬ್ಯಾಡ."
ಬರದೆ, ನಲವತ್ತು ಸಾಲು, ಒಂದೂ ಕಲಮಿಲ್ಲದ್ದು.
ಎರಡು ತಿಂಗಳದ್ದು ಬಂತಂತ. ಉಳಿದದ್ದು ನಾಳಿ.

ಪ್ರಮಾಣಪತ್ರದ ದಿನ ಅವ್ವ ಕಾಳಗಿಯಿಂದ ಬಂದು
ನನ್ನ ಟೋಪಿ ಹಾಕ್ಕೊಂಡು ಫೋಟೋ ತೆಗೆಸ್ಕೊಂಡಳು.
ನಾ ಕ್ಯಾಂಟೀನಿನ ಹಿಂದ ಹೋದೆ.
ಪಾಹುಣ್ಯಾರ ತಾಟು ಗುಡ್ಡದಂಗ ಬಿದ್ದಿದ್ವು,
ಆಕಿಯ ಮೊಣಕೈತನಾ ಬೂದಿ.
"ಸೋಮವಾರ ಹೊಸ ಬ್ಯಾಚು" ಅಂದಳು, ತಿಕ್ಕೋದು ಬಿಡದೇ.
"ಎರಡು ತೊಲಿದು ಸಾಕಾಯ್ತು.
ಈ ಸಲ ಮೂರು ತೊಲಿದು ಕಳಕೋತೀನಿ."