ಪರಖಿ

ಸೋಮವಾರದೊಳಗೆ ಉತ್ತರ ಬೇಕಂತೆ.
ಇವತ್ತು ಶನಿವಾರ. ಕಲಬುರಗಿಯ ಗಂಜಿನಲ್ಲಿ
ಚಿಕ್ಕಪ್ಪನ ಅಡತಿ ಅಂಗಡಿಯ ಗಾದಿಯ ಮೇಲೆ
ಕಾಲು ಮಡಚಿ ಕೂತಿದ್ದೇನೆ; ತೊಡೆಯ ಮೇಲೆ ಲ್ಯಾಪ್‌ಟಾಪು,
ಅದರ ಮೇಲೆ ಆಗಲೇ ಒಂದು ಪದರು ತೊಗರಿ ಧೂಳು.

ಹಾಳೆಯಲ್ಲಿ ಎರಡು ಕಾಲಮ್ಮು.
ಎಡಕ್ಕೆ ಬ್ಯಾಂಕು: ಏಳು ವರ್ಷ, ಹನ್ನೊಂದು ಡೀಲು,
ಮಾರ್ಚಿನ ಬೋನಸ್ಸು, ಬಾಂದ್ರಾದ ಬಾಡಿಗೆ,
ರಾತ್ರಿ ಮೂರಕ್ಕೆ ಸ್ಲೈಡಿನಲ್ಲಿ ಜಾರಿಹೋದ ದಶಾಂಶದ ಚುಕ್ಕೆ,
ಅದನ್ನು ಹುಡುಕುತ್ತ ತಪ್ಪಿಸಿಕೊಂಡ ತಂಗಿಯ ಕುಬಸ.
ಬಲಕ್ಕೆ ಕನ್ಸಲ್ಟಿಂಗು: ಸಂಬಳದಲ್ಲಿ ಮೂರನೇ ಒಂದು ಪಾಲು ಖೋತಾ,
ಸೋಮವಾರ ನಸುಕಿನ ವಿಮಾನ, ಗುರುವಾರ ರಾತ್ರಿ ವಾಪಸ್ಸು,
ಶನಿವಾರ ರವಿವಾರ ನಿಮ್ಮದೇ ಅನ್ನುತ್ತಾರೆ.
ಅನ್ನುತ್ತಾರೆ.

ಶಾಂತಮಲ್ಲಪ್ಪ ಚಿಕ್ಕಪ್ಪ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ:
"ಈಗ ಏನ್ ಮಾಡ್ತೀ?"
ಕಂಪನಿ ಮಾರಿಸ್ತೀನಿ, ಕೊಳ್ಳಿಸ್ತೀನಿ, ನಡುವ ಪರ್ಸೆಂಟು.
"ಅಂದ್ರ ಅಡತಿ."
ಹೂಂ, ಅಡತಿ.
"ಇನ್ನ ಮುಂದ?"
ಕಂಪನಿ ಏನು ಮಾಡಬೇಕು ಅಂತ ಹೇಳ್ತೀನಿ.
"ಬರೇ ಹೇಳಾಕ? ಅದಕ್ಕೂ ರೊಕ್ಕಾ ಕೊಡ್ತಾರ?"
ಮುನೀಮ ದಿಗಂಬರರಾವ ವಹಿಯಿಂದ ತಲೆಯೆತ್ತಿದ:
"ಹಂಗಾದ್ರ ಈ ಗಂಜಿನಾಗ ಎಲ್ಲಾರೂ ಕೋಟ್ಯಧೀಶರೇ, ಅಕ್ಕಾರ."

ನಾನೂ ನಕ್ಕೆ.
ನಗು ಮುಗಿಯುವ ಹೊತ್ತಿಗೆ ನೆನಪಾಯಿತು
ಸೇಡಂ ಹಾದಿಯ ಆ ಸಿಮೆಂಟ್ ಕಾರ್ಖಾನೆ,
ಹೋದ ವರ್ಷ ನಾನೇ ಮಾರಿಸಿದ್ದು.
ನಕ್ಷೆಯಲ್ಲಿ ಊರ ಹೆಸರು ಕಂಡಾಗ
ಅರೆಗಳಿಗೆ ಬಾಯಲ್ಲಿ ಬಿಳಿ ಧೂಳಿನ ರುಚಿ ಬಂತು;
ಆಮೇಲೆ ಅದು "ಆಸ್ತಿ ಮೂರು" ಆಯಿತು.
ಸಹಿ ಬಿದ್ದ ದಿನ ಎಲ್ಲರಿಗೂ ಗಾಜಿನಂಥದೊಂದು ಗಟ್ಟಿ ಕೊಟ್ಟರು,
ಒಳಗೆ ಒಂದು ಚಿಟಿಕೆ ಸಿಮೆಂಟು, ನೀರು ತಾಗದಂತೆ,
ಎಂದೂ ಗಟ್ಟಿಯಾಗದಂತೆ.
ಕೊಂಡವರ ಬೆನ್ನಿಗೇ ಸಲಹೆಗಾರರು ಬಂದರು,
ಆರು ವಾರ ಇದ್ದರು,
ಪ್ಯಾಕಿಂಗಿನಲ್ಲಿ ಇನ್ನೂರಾ ಎಂಟು ಕೈ ಹೆಚ್ಚು ಎಂದು ಬರೆದಿಟ್ಟು ಹೋದರು.
ಮಂದಿ ಎಷ್ಟೆಂದು ನಾನು ಎರಡರಿಂದ ಭಾಗಿಸಿಕೊಂಡೆ.
ಈಗ ಅವರೇ ಕರೆಯುತ್ತಿರುವುದು.

ಹೊರಗೆ ಮೌಲಾಲಿ ಚೀಲಗಳ ನಡುವೆ ನಡೆಯುತ್ತಾನೆ,
ಕೈಯಲ್ಲಿ ಪರಖಿ:
ಗೇಣುದ್ದ ಉಕ್ಕು, ಬೆನ್ನು ಕೊರೆದದ್ದು, ಮೂಗು ಚೂಪು.
ಚೀಲ ಬಿಚ್ಚುವುದಿಲ್ಲ. ಚುಚ್ಚುತ್ತಾನೆ.
ಅಂಗೈಗೆ ಜಾರಿದ ಕಾಳಿನಲ್ಲಿ ಒಂದನ್ನು ದವಡೆಗಿಟ್ಟು
ಕಟ್ ಎಂದಿತೋ, ಮೆತ್ತಗೆ ಮುರಿಯಿತೋ
ಕಿವಿಯೊಳಗಿಂದಲೇ ಕೇಳುತ್ತಾನೆ.
"ಹಸಿ ಅದ." "ಹುಳಾ ಹೊಡದದ." "ಛಲೋ ಮಾಲು."
ಅವನು ಮಾರುವವನಲ್ಲ, ಕೊಳ್ಳುವವನಲ್ಲ.
ಚೀಲ ತಂದವರು ಮಾತ್ರ ಅವನ ದವಡೆಯನ್ನೇ ನೋಡುತ್ತ ನಿಂತಿರುತ್ತಾರೆ.

ಇದೇ ಇರಬೇಕು ಬಲಗಡೆಯ ಕಾಲಮ್ಮು, ಅಂದುಕೊಂಡೆ.
ಅಂದುಕೊಂಡದ್ದೇ ತಡ, ಗುಮಾನಿ:
ನನ್ನ ಹಲ್ಲಿಗೆ ಏನು ಗೊತ್ತು?
ಏಳು ವರ್ಷ ಚೀಲದ ಮೇಲಿನ ಅಂಕಿ ಓದಿದವಳು.
ಪಗಾರ ಇಳಿದರೆ ಕೈ ಚೊಕ್ಕವಾಗುತ್ತದೆಂದು
ಯಾರು ಹೇಳಿದರು ನನಗೆ?

ಚಹಾ ಬಂತು, ಆರಿತು.

ಪರಖಿ ಹೊರಗೆಳೆದ ಮೇಲೆ ಮೌಲಾಲಿ ಇನ್ನೊಂದು ಕೆಲಸ ಮಾಡುತ್ತಾನೆ;
ಚಡ್ಡಿ ಹಾಕುವ ಕಾಲದಿಂದ ಈ ಅಂಗಡಿಗೆ ಬಂದವಳಿಗೆ
ಇವತ್ತೇ ಕಂಡದ್ದು.
ಅದೇ ಚೂಪು ತುದಿಯಿಂದ ತೂತಿನ ಸುತ್ತ
ಸೆಣಬಿನ ಎಳೆಗಳನ್ನು ಆ ಕಡೆಯಿಂದೊಮ್ಮೆ, ಈ ಕಡೆಯಿಂದೊಮ್ಮೆ ಸವರಿ
ಮುಂದಿನ ಚೀಲಕ್ಕೆ ಹೋಗುತ್ತಾನೆ.
ಹಿಂದಿನದರಲ್ಲಿ ತೂತೇ ಇಲ್ಲ.

"ಕೊಡ್ರಿ ಇಲ್ಲಿ" ಎಂದು ಇಸಗೊಂಡೆ.
ಚುಚ್ಚುವುದು ಸುಲಭ. ಮೊದಲ ಸಲಕ್ಕೇ ಬಂತು ಹಿಡಿ ಕಾಳು.
ಸವರಿದೆ. ಮತ್ತೆ ಸವರಿದೆ.
ಒಂದೊಂದೇ ಕಾಳು ಜಾರಿ
ಶಹಾಬಾದ್ ಕಲ್ಲಿನ ಮೇಲೆ ಟಪ್, ಟಪ್,
ಬೀಳುತ್ತಲೇ ಇದೆ.
"ಇರ್ಲಿ ಬಿಡ್ರಿ ಮೇಡಂ" ಎಂದು ಮೌಲಾಲಿ ಕೈ ಚಾಚಿದ.
ನಾನು ಕೊಡಲಿಲ್ಲ.
ಗಾದಿಯ ಮೇಲೆ ಲ್ಯಾಪ್‌ಟಾಪಿನ ಬೆಳಕು
ತಾನಾಗಿಯೇ ಆರಿಹೋಯಿತು.