ಕವಲು ಬಾಲ

ನದಿಗೂ ಬಾಗಿಲಿರುತ್ತದೆ ಎಂದರೆ ನಗುತ್ತೀರಿ.
ನೆಕ್ಕರ್ ನದಿಗಿತ್ತು;
ಅದನ್ನು ತೆರೆದು ಮುಚ್ಚುವುದಕ್ಕೆ ಅಪ್ಪನಿಗೆ ಸಂಬಳ.
ಕಲ್ಲಿದ್ದಲು ಹೊತ್ತ ದೋಣಿ ಬಂದರೆ
ಗಂಟೆ ಬಾರಿಸಿ, ಕಬ್ಬಿಣದ ಗಾಲಿ ತಿರುಗಿಸಿ,
ಮೇಲಿನ ಮೆಟ್ಟಿಲ ನೀರನ್ನು ಕೆಳಗಿನದಕ್ಕೆ
ಮುದುಕಿಯ ಕೈಹಿಡಿದಂತೆ ಇಳಿಸುತ್ತಿದ್ದ.

ಐವತ್ತೊಂಬತ್ತರ ಬೇಸಿಗೆ. ಮಳೆಯಿಲ್ಲ.
ಹೊಳೆ ಸೊರಗಿ ಕಲ್ಲುಗಳ ಬೆನ್ನು ಬಿಸಿಲಿಗೆ ಬಿದ್ದಿತ್ತು.
ಒಂದು ಬೆಳಗ್ಗೆ ಎದ್ದು ನೋಡಿದರೆ
ಕಟ್ಟೆಯ ಕೆಳಗೆ ನದಿಯೇ ಇಲ್ಲ,
ಆಳೆತ್ತರದ ಬಿಳಿ.
ಜುಲೈನಲ್ಲಿ ಹಿಮ ಬಿತ್ತೆಂದು ತಮ್ಮ ಫೋಲ್ಕರ್
ಕೋಟು ಹುಡುಕಲು ಓಡಿದ.
ಅಪ್ಪ ಉದ್ದದ ಕೋಲಿನಿಂದ ಇರಿದ.
ಕೋಲು ಮುಳುಗಿತು, ನೀರು ಸಿಗಲಿಲ್ಲ.
"ದೋಣಿಯವರಿಗೆ ಏನು ಹೇಳಲಿ?" ಎಂದ,
ಗಂಟೆಯ ಹಗ್ಗ ಕೈಯಲ್ಲೇ.
ಅಷ್ಟರಲ್ಲಿ ಗಾಳಿ ಎದ್ದು
ನೊರೆಯ ತುಂಡೊಂದು ಹಾರಿಬಂದು
ಅಮ್ಮ ಒಣಹಾಕಿದ ಹೊದಿಕೆಯ ಮೇಲೆ ಕೂತಿತು,
ತವರಿಗೆ ಬಂದ ಮಗಳ ಹಾಗೆ.

ಅಮ್ಮ ಆ ವರ್ಷವಷ್ಟೇ ಪುಡಿ ಬಳಸತೊಡಗಿದ್ದಳು.
ಯುದ್ಧದ ದಿನಗಳಲ್ಲಿ ಬೂದಿನೀರು,
ಜೇಡಿಮಣ್ಣು ಬೆರೆತ ಸಾಬೂನು;
ಉಜ್ಜಿ ಉಜ್ಜಿ ಬೆರಳ ಗಿಣ್ಣು ಒಡೆದಿದ್ದವು.
ಈಗ ನೀಲಿ ಡಬ್ಬಿ, ಅರ್ಧ ಲೋಟ, ಸಾಕು.
"ನನ್ನ ಕೈ ಮೊದಲ ಸಲ ನನ್ನದೆನಿಸಿತು"
ಎಂದು ಸಾಯುವ ವಾರವೂ ಹೇಳಿದಳು.
ಅವಳನ್ನು ದೂರಲಾರೆ.

ಮುಂದೆ ನಾನು ಓದಿದ್ದೂ ಅದನ್ನೇ.
ಕಣ್ಣಿಗೆ ಕಾಣದ ಕಣ;
ತಲೆಗೆ ನೀರೆಂದರೆ ಪ್ರಾಣ, ಬಾಲಕ್ಕೆ ಆಗದು.
ಎರಡು ದೋಣಿಯಲ್ಲಿ ಕಾಲಿಟ್ಟವನು ಮುಳುಗುತ್ತಾನಂತೆ,
ಇದು ಮುಳುಗುವುದಿಲ್ಲ.
ನೀರೂ ಗಾಳಿಯೂ ಸೇರುವ ಹೊಸ್ತಿಲಲ್ಲಿ
ತಲೆಕೆಳಗಾಗಿ ನಿಲ್ಲುತ್ತದೆ, ಬಾಲ ಆಕಾಶಕ್ಕೆ.
ಹೊಸ್ತಿಲು ತುಂಬಿದ ಮೇಲೆ ಬಂದವು
ಕೆಳಗಿಳಿದು, ಬಾಲ ಒಳಗೆ ಮುಚ್ಚಿಟ್ಟು
ಉಂಡೆಗಟ್ಟುತ್ತವೆ,
ಚಳಿಗೆ ಮುದುರಿದ ನಾಯಿಮರಿಗಳು.

ಆಗ ನೀರಿನ ಚರ್ಮ ಸಡಿಲಾಗುತ್ತದೆ.
ಮೇಲೆ ಓಡಾಡುವ ಉದ್ದಕಾಲಿನ ಹುಳು
ಇದ್ದಕ್ಕಿದ್ದಂತೆ ತನ್ನ ನೆಲದೊಳಕ್ಕೇ ಬೀಳುತ್ತದೆ.
ಗರಿ ತೊಯ್ದ ಬಾತೊಂದನ್ನು ನಾನೇ ಎತ್ತಿ ತಂದಿದ್ದೆ,
ಒದ್ದೆ ಕಂಬಳಿಯಷ್ಟು ಭಾರ,
ಅಮ್ಮನ ಏಪ್ರನ್‌ನಲ್ಲಿ ಸುತ್ತಿ ಒಲೆಯ ಪಕ್ಕ ಇಟ್ಟೆ.
ರಾತ್ರಿ ಕಳೆಯಲಿಲ್ಲ. ಹೂಳುವಾಗ ಅಪ್ಪ
"ಬಾತು ಮುಳುಗುವುದುಂಟೇ?" ಎಂದು
ಎರಡು ಸಲ ಕೇಳಿದ, ನನ್ನನ್ನಲ್ಲ.

ತಪ್ಪಿದ್ದದ್ದು ಬಾಲದಲ್ಲಿ.
ನೆಟ್ಟಗಿದ್ದರೆ ಸೂಕ್ಷ್ಮಜೀವಿಗಳು ತುದಿಯಿಂದ ಹಿಡಿದು
ಶಾವಿಗೆ ಎಳೆದಂತೆ ಎಳೆದು ತಿಂದು ಮುಗಿಸುತ್ತವೆ.
ಇದು ಕವಲು ಕವಲು, ಗಂಟಲಿಗಡ್ಡ ಬೀಳುವ ಮೀನಮುಳ್ಳು;
ಮೂಸಿ ಬಿಟ್ಟು ಹೋದವು.
ನಾಯಿಬಾಲ ಡೊಂಕೇ ಎಂದು ಕೈಚೆಲ್ಲದೆ
ಯಾರೋ ಕಾನೂನು ಬರೆದರು,
ಕಾರ್ಖಾನೆಗಳು ಬಾಲ ನೇರ ಮಾಡಿದವು.
ನೊರೆ ಹೋಯಿತು. ಅಪ್ಪನೂ.

ಹೋದ ಅಕ್ಟೋಬರ್‌ನಲ್ಲಿ ಹಳೆಯ ಕಟ್ಟೆಯ ಹಿಂದೆ
ಹೂಳಿಗೆ ಕೊಳವೆ ಇಳಿಸಿದೆವು.
ನನಗೆ ಎಪ್ಪತ್ತಾರು; ಹಗ್ಗ ಎಳೆದದ್ದು ಸೆವ್ಗಿ,
ನನ್ನ ಶಿಷ್ಯನ ಶಿಷ್ಯೆ.
ಮೇಲೆ ಕಂದು ಮಣ್ಣು, ಕೆಳಗೆ ಕಪ್ಪು,
ಕೊಳೆತ ಮೊಟ್ಟೆಯ ನಾತ.
ಗಾಳಿ ತಲುಪದ ಕೋಣೆ ಅದು,
ಅಲ್ಲಿ ಉಣ್ಣುವವರು ಕಡಿಮೆ, ಅವಸರವೂ ಇಲ್ಲ.
ಅರವತ್ತೆರಡು ಸೆಂಟಿಮೀಟರ್ ಆಳದಲ್ಲಿ ಯಂತ್ರ ಗುರುತಿಸಿತು:
ಮಣ್ಣಿನ ಕಣಕ್ಕೆ ಅಂಟಿ ಕೂತ ಕವಲು ಬಾಲ.
ನಮ್ಮ ಮನೆಯ ಹೊದಿಕೆಯೂ ಇರಬಹುದು ಆ ಲೆಕ್ಕದಲ್ಲಿ,
ಅಮ್ಮನ ಅರ್ಧ ಲೋಟ.

"ಈಗ ಅಪಾಯವೇ?" ಎಂದಳು ಸೆವ್ಗಿ.
ಕಲಕದಿದ್ದರೆ ಇಲ್ಲ, ಎಂದೆ.
ದಡದ ಕಂಬಕ್ಕೆ ಹಚ್ಚಿದ ನೋಟೀಸು ಇಬ್ಬರೂ ಓದಿದ್ದೆವು:
ಉದ್ದನೆಯ ಹಡಗುಗಳಿಗಾಗಿ
ವಸಂತದಲ್ಲಿ ಹೂಳೆತ್ತುತ್ತಾರೆ.
ಅವಳು ಬಾಟಲಿಯಿಂದ ನನ್ನ ಅಂಗೈಗೆ
ಒಂದು ಹನಿ ಸಾಬೂನು ಹಾಕಿದಳು.
ತೊಳೆದೆ. ನಾತ ಹೋಗಲಿಲ್ಲ.
ಇನ್ನೊಂದು ಹನಿ ಕೇಳಿದೆ.