ಹೊಟ್ಟೆಪಾಡು

ತಾರ್ತು. ಡಿಸೆಂಬರ್. ಮೂರೂವರೆಗೇ ಕತ್ತಲು.
ಇನ್‌ಕ್ಯುಬೇಟರಿನೊಳಗೆ ಮಾತ್ರ
ಮೂವತ್ತೇಳು ಡಿಗ್ರಿಯ ಬೇಸಿಗೆ.

ನಾನು ಇವುಗಳಿಗೆ ಉಣ್ಣಿಸುವವಳು.
ಸಂಜೆ ಸುರಿದ ಗುಲಾಬಿ ಗಂಜಿ
ಮೊದಮೊದಲು ಬೆಳಗಾಗುವುದರೊಳಗೆ ಹಳದಿ:
ಸಕ್ಕರೆ ಮುಕ್ಕಿ ಮುಕ್ಕಿ
ಅರೆಬರೆ ಉರಿಸಿ ಹುಳಿ ಕಕ್ಕಿರುತ್ತಿದ್ದವು.
ಗಾಳಿಗೇನೂ ಬರವಿರಲಿಲ್ಲ. ಆದರೂ ಹಾಗೇ,
ಅವಸರದ ಒಲೆ, ಹಸಿ ಸೌದೆ.

ಬಾಟಲಿಯ ಮೇಲೆ ನನ್ನದೇ ಅಕ್ಷರ: ವಿ-೪೧.
ವಿ ಎಂದರೆ ವೆನಿಯಮಿನ್.
ನನಗೆ ಗೊತ್ತಿರಬಾರದ ಹೆಸರು.
ಕೊಹ್ಟ್ಲಾ-ಯಾರ್ವೆಯ ಗಣಿಯಾಳು
ಹೋದ ಚಳಿಗಾಲ ವಿಳಾಸ ಹುಡುಕಿಕೊಂಡು ಬಂದು
ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು ಕೇಳಿದ,
ಮೇಯಲು ಬಿಟ್ಟ ಕರುಗಳನ್ನು ವಿಚಾರಿಸುವಂತೆ:
"ನನ್ನವು ಹೇಗಿವೆ? ತಿನ್ನುತ್ತಿವೆಯಾ?"

ತಿನ್ನುತ್ತಿವೆ, ಎಂದೆ.

ಆ ಸೋಮವಾರ ಮದ್ದು ಹಾಕಿದ್ದೆ.
ಗುರುವಾರ ಮಸೂರದಡಿ ಬರೀ ತರಗು.
ಅಂಚಿಗಂಟಿ ನಾಲ್ಕೋ ಐದೋ ಉಳಿದಿದ್ದವು,
ಬೆಳೆಯದೆ, ಸಾಯಲೂ ಒಪ್ಪದೆ.

ಮೂರನೆಯ ವಾರಕ್ಕೆ
ಗಂಜಿ ಹಳದಿಯಾಗುವುದೇ ನಿಂತಿತು.
ಪೆದ್ದಿ, ಹಿಗ್ಗಿದೆ.
ಎಣಿಸಿ ನೋಡಿದರೆ ಹೆಚ್ಚಿದ್ದವು.

ಸಕ್ಕರೆಯ ಚಟ ಬಿಟ್ಟಿದ್ದವು, ಅಷ್ಟೇ.
ಈಗ ಕೊಬ್ಬು,
ಸತ್ತ ನೆರೆಯವರಿಂದ ಸೋರಿದ್ದು,
ತಮ್ಮದೇ ಮನೆಯ ಹಳೆ ಸಾಮಾನು ಮುರಿದು ಒಟ್ಟಿದ್ದು.
ಮೂಲೆಗೆ ಬಿದ್ದ ಒಲೆಗಳನ್ನೆಲ್ಲ ಹೊತ್ತಿಸಿ
ಕೊಳ್ಳಿ ಉಳಿಯದಂತೆ ಉರಿಸಿ
ಗಳಿಸಿದ್ದರಲ್ಲಿ ಒಂದು ಪಾಲು
ಒಳಗೆ ಬಂದ ಮದ್ದನ್ನು
ಮೊಗೆಮೊಗೆದು ಹೊರಚೆಲ್ಲುವ ಕೂಲಿಗೆ.

ಗಣಿ ಮುಚ್ಚಿದ ವರ್ಷ ತಾನೂ ಹೀಗೇ ಬದುಕಿದ್ದು, ಅಂದಿದ್ದ:
ಕಾಡಿನ ಅಣಬೆ, ಮಂಜು ಕೊರೆದು ಹಿಡಿದ ಮೀನು,
ಸತ್ತ ತಂತಿಯಿಂದ ಸುಲಿದ ತಾಮ್ರ,
ಪಕ್ಕದ ಮನೆ ಖಾಲಿಯಾದ ಮೇಲೆ ಅದರ ಕಿಟಕಿಯ ಚೌಕಟ್ಟು.
"ಒಂದೇ ತಟ್ಟೆಯನ್ನು ಮದುವೆಯಾದವನು
ಮೊದಲು ಸಾಯುತ್ತಾನೆ, ಲೀವಿಕಾ."
ನಗುವಾಗ ಕೆಮ್ಮುತ್ತಿದ್ದ.

ಮಾರ್ಚಿನಲ್ಲಿ ಹೋದ.
ಇವು ಇವೆ.
ಅವನ ಹೊಟ್ಟೆಪಾಡಿನ ವಿದ್ಯೆ
ಅವನನ್ನೇ ಬಿಟ್ಟು ಇವಕ್ಕೆ ದಕ್ಕಿತೆ?
ಹಾಗೆಲ್ಲ ಬರೆಯುವಂತಿಲ್ಲ ಪ್ರಯೋಗದ ವಹಿಯಲ್ಲಿ.

ಇವತ್ತು ಎರಡನೆಯ ಮದ್ದು,
ಕೊಬ್ಬು ಒಲೆಗೆ ಹೋಗುವ ಬಾಗಿಲಿಗೆ ಬೀಗ.
ಹನಿಸಿದೆ. ಹೊತ್ತು ಬರೆದೆ.
ಕೈಗವಸು ಕಳಚಿ, ಕೈ ತೊಳೆದು, ಕೆಳಗೆ ಹೋಗಿ
ಕಪ್ಪು ರೊಟ್ಟಿಗೆ ದಪ್ಪಗೆ ಬೆಣ್ಣೆ ಸವರಿ
ನಿಂತೇ ತಿಂದೆ. ಎಂಥ ಹಸಿವು ಅಂತೀರಿ.

ಮರಳಿ ಬಂದು ಬಾಟಲಿಯನ್ನು ದೀಪಕ್ಕೆ ಹಿಡಿದೆ.
ಗುಲಾಬಿ.

ಗುಲಾಬಿಯನ್ನು ನಂಬುವ ಕಾಲ ಹೋಯಿತು.